ಮಕ್ಕಳ ಪಾಲು

ಆಗಸ್ಟ್ 4, ಸೋಮವಾರ

ಕ್ಲಿನಿಕ್ ಗುಡಿಸಿದೆ. ನರ್ಸೂ ನಾನೇ, ಗುಡಿಸುವವಳೂ ನಾನೇ. ಒಂದೇ ಒಂದು ಇಲಿ ಹಿಕ್ಕೆ ಇಲ್ಲ. ಇನ್ನೂ ನಂಬಿಕೆ ಬರುತ್ತಿಲ್ಲ. ಈ ದ್ವೀಪದಲ್ಲಿ ಹುಟ್ಟಿದಾಗಿನಿಂದ ಇಲಿಗಳ ಜೊತೆಗೇ ಸಂಸಾರ ಮಾಡಿದವಳು ನಾನು. ತೆಂಗಿನ ಎಳೆಗಾಯಿ ತೂತು, ಚಾಪೆ ತೂತು, ಹಾಲಿನ ವಾಸನೆಗೆ ಬಂದು ಮಲಗಿದ ಕೂಸಿನ ತುಟಿಯನ್ನೂ ಬಿಡುತ್ತಿರಲಿಲ್ಲ. ಇಲಿ ನಿರ್ಮೂಲನ ಯೋಜನೆಯವರು ಹಡಗಿನಲ್ಲಿ ಬಂದು ಊರೆಲ್ಲ ನೀಲಿ ವಿಷದ ಗುಳಿಗೆ ಚೆಲ್ಲಿ ಹೋದರು. ಈಗ ರಾತ್ರಿ ಮಾಡಿನ ಮೇಲೆ ಸದ್ದೇ ಇಲ್ಲ.

ನನ್ನ ಗಂಡ ಪೆನಿಯೇಲಿ ಇಲ್ಲಿ ಆ ತಂಡದ ಮೇಸ್ತ್ರಿ. ಯುದ್ಧ ಗೆದ್ದವನ ಹಾಗೆ ಎದೆಯುಬ್ಬಿಸಿ ಓಡಾಡುತ್ತಾನೆ. ಓಡಾಡಲಿ ಬಿಡಿ, ಅಪರೂಪಕ್ಕೆ ಒಂದು ಗೆದ್ದಿದ್ದಾನೆ.

ಏಡಿಗಳಿಗೆ ಮಾತ್ರ ಏನೂ ಆಗಿಲ್ಲ. ಅದೇ ಗುಳಿಗೆ ತಿಂದು ಕೊಬ್ಬಿವೆ. ಅವುಗಳ ಹಿಕ್ಕೆಯೂ ನೀಲಿ. ಅದಕ್ಕೇ ಅಲ್ಲವೇ, ಸಭಾಮನೆಯಲ್ಲಿ ಪೆನಿಯೇಲಿ ಎದ್ದು ನಿಂತು ಯೋಜನೆಯವರು ಕೊಟ್ಟ ಇಂಗ್ಲಿಷ್ ಚೀಟಿಯನ್ನು ನಮ್ಮ ಮಾತಿನಲ್ಲಿ ಕೂಗಿ ಹೇಳಿದ್ದು: "ಏಡಿ ಮಾಂಸ ಯಾರೂ ತಿನ್ನಂಗಿಲ್ಲ! ಯೋಜನೆಯವ್ರು ವಾಪಸ್ ಬಂದು ಆಯ್ತು ಅನ್ನೋವರ್ಗೂ!" ನನ್ನ ಅತ್ತೆ ಸುನೇಮಾ ಮುಂದಿನ ಸಾಲಿನಲ್ಲೇ ಕೂತು ತಲೆಯಾಡಿಸಿದ್ದರು. ಹೇಳಿದ್ದನ್ನು ಚಾಚೂ ತಪ್ಪದೆ ನಡೆಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಭಾನುವಾರ ಸೂಜಿಗೆ ದಾರ ಕೂಡ ಪೋಣಿಸುವುದಿಲ್ಲ.

ಮಗ ಮನುವಾ ಇವತ್ತು ಅಜ್ಜಿಯ ಚಪ್ಪಲಿ ಹಾಕಿಕೊಂಡು ಕಡಲಿನವರೆಗೂ ಹೋಗಿದ್ದನಂತೆ. ಎರಡು ತುಂಬಿಲ್ಲ ಇನ್ನೂ. ಹತ್ತು ವರ್ಷ ಕಾಯಿಸಿ ಹುಟ್ಟಿದವನು, ಈಗ ಒಂದು ಗಳಿಗೆ ಕಾಯಲಾರ.

ಆಗಸ್ಟ್ 7, ಗುರುವಾರ

ಬಾಗಿಲು ತೆರೆಯುವ ಮುಂಚೆಯೇ ತಿಲೇಸಾ. ಪಕ್ಕದ ಮನೆಯವಳು, ಅಂಗಡಿಯಲ್ಲಿ ಕೆಲಸ. ಅವಳ ಮಗಳು ಲಾಂಗಿಯೂ ಹಗಲೆಲ್ಲ ನನ್ನ ಅತ್ತೆಯ ಚಾಪೆಯ ಮೇಲೇ ಬೆಳೆಯುತ್ತಿದೆ. ಮಗುವಿನ ಗಲ್ಲದಿಂದ ಕುತ್ತಿಗೆಯವರೆಗೆ ರಕ್ತ ಒಣಗಿ ಅಂಟಿತ್ತು.

"ರಾತ್ರಿ ಅಳ್ಲೇ ಇಲ್ಲ ಕಣೇ ಸೆಲುಕಾ. ಬೆಳಿಗ್ಗೆ ನೋಡಿದ್ರೆ ದಿಂಬೆಲ್ಲ ಕೆಂಪು. ಇಲಿ ಕಚ್ಚಿದೆ."

"ಇಲಿ ಎಲ್ಲಿದೆಯೇ ಈಗ?"

"ನಿನ್ ಗಂಡ ಇಲ್ಲ ಅಂದ್ರೆ ಆಯ್ತಾ? ಮತ್ತೆ ಇದೇನು, ದೆವ್ವ ಬಂದು ಮುತ್ತು ಕೊಟ್ಟು ಹೋಯ್ತಾ?"

ತೊಳೆದು ನೋಡಿದೆ. ಕಚ್ಚಿದ ಗುರುತು ಎಲ್ಲೂ ಇಲ್ಲ. ವಸಡಿನಿಂದ ಜಿನುಗುತ್ತಿದೆ. ದವಡೆ ಹಲ್ಲು ಬರುವ ಕಾಲ. ಅದೇ ಇರಬೇಕು ಅಂದೆ. ಹತ್ತಿ ಒತ್ತಿ ಹಿಡಿದರೆ ನಿಲ್ಲಬೇಕು... ನಿಂತಿತು. ಆದರೆ ಬಹಳ ಹೊತ್ತು ಹಿಡಿಯಬೇಕಾಯಿತು.

ಆಗಸ್ಟ್ 9, ಶನಿವಾರ

ಪಾದ್ರಿಯ ಕಿರಿಯ ಮಗನಿಗೂ ಹಾಗೇ. ರಾತ್ರಿ ನಗುತ್ತಾ ಮಲಗಿದ್ದು, ಬೆಳಿಗ್ಗೆ ಬಾಯಿ ತುಂಬ ರಕ್ತ. ಇವನಿಗೆ ದವಡೆ ಹಲ್ಲು ಬಂದು ಎಷ್ಟೋ ದಿನವಾಯಿತು.

ದೊಡ್ಡವರು ಒಬ್ಬರೂ ಬಂದಿಲ್ಲ. ಶಾಲೆಗೆ ಹೋಗುವ ಮಕ್ಕಳೂ ಇಲ್ಲ. ಬರೀ ಕೂಸುಗಳು. ನನಗೆ ಇದು ಸರಿ ಕಾಣುತ್ತಿಲ್ಲ.

ಆಗಸ್ಟ್ 10, ಭಾನುವಾರ

ಚರ್ಚು ಬಿಟ್ಟ ಮೇಲೆ ಗಂಡಸರೆಲ್ಲ ಪೆನಿಯೇಲಿಯನ್ನು ಹಿಡಿದುಕೊಂಡರು.

"ಏನ್ ಇಲಿ ಸಾಹೇಬ್ರೇ, ಒಂದನ್ನ ಸಾಕ್ಕೊಂಡಿದೀರಂತೆ?"

"ಹೆಂಡ್ತಿಗೆ ಹೆದರಿ ಮಂಚದ ಕೆಳಗೆ ಬಿಟ್ಟಿದಾನೆ ನೋಡಿ!"

ನಕ್ಕ. ಕಿವಿ ಮಾತ್ರ ಕೆಂಪಾಗಿತ್ತು. ಮನೆಗೆ ಬಂದವನೇ ಉಳಿದ ಗುಳಿಗೆ ಮೂಟೆಯ ಬೀಗ ತೆಗೆದ. ನಾಳೆ ಬೆಳಿಗ್ಗೆ ಮನೆಗಳ ಹಿಂದೆಲ್ಲ ಇನ್ನೊಂದು ಸುತ್ತು ಹಾಕುತ್ತಾನಂತೆ, ಮಕ್ಕಳ ಕೈಗೆ ಸಿಗದ ಹಾಗೆ ಏಡಿ ಬಿಲಗಳ ಒಳಗೆ. "ಹಾಕು" ಅಂದೆ.

ಸಂಜೆ ದಡದಲ್ಲಿ ನಡೆದೆ. ಒಡೆದ ಏಡಿಗಳು ಬಿದ್ದಿದ್ದವು, ಕಾಲುಗಳಲ್ಲಿ ಬಿಳಿ ಮಾಂಸ ಹಾಗೇ ಇತ್ತು. ಯಾವುದೋ ಹಕ್ಕಿ ಅರ್ಧ ತಿಂದು ಬಿಟ್ಟಿದೆ ಅಂದುಕೊಂಡೆ.

ಆಗಸ್ಟ್ 11, ಸೋಮವಾರ

ಮನುವಾ.

ನನ್ನ ಮಗ. ಬಾಯಿಂದ ಕಿವಿಯವರೆಗೆ ಗೆರೆ ಎಳೆದ ಹಾಗೆ ರಕ್ತ. ನನ್ನನ್ನು ನೋಡಿ ನಕ್ಕ, ಹಲ್ಲೆಲ್ಲ ಕೆಂಪು. ಹತ್ತಿ ಒತ್ತಬೇಕು ಅನ್ನುವುದನ್ನೂ ಮರೆತು ಅವನನ್ನು ಎದೆಗವಚಿಕೊಂಡೆ. ನರ್ಸಂತೆ ನಾನು!

ಅತ್ತೆ ಬಟ್ಟೆ ಒದ್ದೆ ಮಾಡಿ ಒರೆಸಿದರು. "ಹೆದರ್ಬೇಡ್ವೇ ತಾಯಿ. ರಕ್ತ ಹೋದಷ್ಟೂ ಹೊಟ್ಟೆಗೆ ಚೆನ್ನಾಗಿ ಬಿದ್ರೆ ಆಯ್ತು. ನಾನಿಲ್ವಾ."

ಎಷ್ಟು ಸಮಾಧಾನವಾಯಿತು ಆ ಮಾತಿಗೆ. ಇವತ್ತು ರಾತ್ರಿ ಅವನನ್ನು ನಮ್ಮಿಬ್ಬರ ನಡುವೆ ಮಲಗಿಸಿಕೊಂಡು, ಸೊಳ್ಳೆಪರದೆಯ ಅಂಚನ್ನೆಲ್ಲ ಚಾಪೆ ಕೆಳಗೆ ಸಿಕ್ಕಿಸುತ್ತೇವೆ. ಇಲಿಯೇನು, ಇರುವೆ ಕೂಡ ಬರಬಾರದು.

ಆಗಸ್ಟ್ 12, ಮಂಗಳವಾರ

ಪರದೆ ಸಿಕ್ಕಿಸಿದ ಹಾಗೇ ಇತ್ತು. ದಿಂಬು ಕೆಂಪು.

ಇಲಿ ಅಲ್ಲ.

ಮೊಣಕಾಲಲ್ಲಿ, ಬೆನ್ನಲ್ಲಿ ನೀಲಿಗಟ್ಟಿದೆ. ಬಿದ್ದದ್ದು ಯಾರಿಗೂ ನೆನಪಿಲ್ಲ. ರಾಜಧಾನಿಗೆ ಫೋನ್ ಹಚ್ಚಿದೆ. ಲೈನ್ ಸಿಗುವಷ್ಟರಲ್ಲಿ ಮಧ್ಯಾಹ್ನ. ಡಾಕ್ಟರು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

"ಅಲ್ಲಿ ಇಲಿ ಪಾಷಾಣ ಹಾಕಿದ್ರಲ್ಲಮ್ಮ, ಮಕ್ಕಳೇನಾದ್ರೂ ತಿಂದಿದಾವಾ?"

"ಮೂಟೆಗೆ ಬೀಗ ಇದೆ ಡಾಕ್ಟ್ರೇ. ಮೊದ್ಲು ಚೆಲ್ಲಿದ್ದು ಒಂದೂ ಉಳಿದಿಲ್ಲ, ಈಗ ಬಿಲದೊಳಗೆ ಹಾಕಿದ್ದು ಮಕ್ಕಳ ಕೈಗೆ ಸಿಗಲ್ಲ."

"ಆ ವಿಷ ರಕ್ತ ಹೆಪ್ಪುಗಟ್ಟಕ್ಕೆ ಬಿಡಲ್ಲ. ಇಲಿ ಸಾಯೋದೂ ಹಾಗೇನೆ, ಒಳಗೊಳಗೇ ರಕ್ತ ಸುರಿದು. ಏಡಿ?"

"ಏಡಿ ಯಾರೂ ಮುಟ್ಟಲ್ಲ. ನನ್ ಗಂಡಾನೇ ಸಭೇಲಿ ಹೇಳಿದಾನೆ."

ಜಂಬದಿಂದಲೇ ಹೇಳಿದೆ.

ರಕ್ತ ಹೆಪ್ಪುಗಟ್ಟಲಿ ಅಂತ ಆಗ ತಾನೇ ಹುಟ್ಟಿದ ಕೂಸುಗಳಿಗೆ ಕೊಡುವ ವಿಟಮಿನ್ ಕೆ ಇದ್ದರೆ ತೆಗೆದಿಡು ಅಂದರು. ಸೂಜಿ ಚುಚ್ಚಬೇಡ, ಚುಚ್ಚಿದಲ್ಲೂ ರಕ್ತ ನಿಲ್ಲದಿರಬಹುದು, ಬಾಯಿಗೇ ಹನಿಸು. ಆದರೆ ವಿಷ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದೆ ಎಷ್ಟು ಹನಿಸಿದರೂ ನಿಲ್ಲುವುದಿಲ್ಲವಂತೆ. ಹಡಗು ಹೊರಡಿಸುತ್ತಾರೆ. ಕಡಲು ಒರಟಾಗಿದೆ, ಶುಕ್ರವಾರಕ್ಕೆ ಮುಂಚೆ ಬರುವುದಿಲ್ಲ.

ಆಗಸ್ಟ್ 13, ಬುಧವಾರ, ಮಧ್ಯಾಹ್ನ

ಊಟದ ಹೊತ್ತಿಗೆ ಹೇಳದೆ ಕೇಳದೆ ಮನೆಗೆ ಬಂದೆ. ಅತ್ತೆ ಅಡುಗೆ ಚಪ್ಪರದ ಹಿಂದೆ ಕೂತಿದ್ದರು. ಎದುರಿಗೆ ಮನುವಾ, ಲಾಂಗಿ, ಇಬ್ಬರೂ ಬಾಯಿ ತೆರೆದುಕೊಂಡು. ಮಡಿಲಲ್ಲಿ ಕರಟ. ಅದರಲ್ಲಿ ಏಡಿ ಹೊಟ್ಟೆಯ ಹಳದಿ ಕೊಬ್ಬು. ತೋರುಬೆರಳಿನಲ್ಲಿ ತೆಗೆದು ಒಂದೊಂದು ನಾಲಿಗೆಗೆ ಒರೆಸುತ್ತಿದ್ದರು.

"ಏನತ್ತೆ ಅದು?"

"ಏನು ಅಂದ್ರೆ? ಮಕ್ಕಳ ಪಾಲು. ವಸಡು ನೋವು, ಪಾಪ, ಬೇರೇನೂ ನುಂಗಲ್ಲ ಅಂತಾವೆ. ರಕ್ತ ಬೇರೆ ಹೋಗ್ತಿದೆ ಅಂತ ಎರಡು ದಿನದಿಂದ ಜಾಸ್ತೀನೇ ಕೊಡ್ತಿದೀನಿ."

"ಏಡಿ ತಿನ್ನಬಾರ್ದು ಅಂತ..."

"ಏಡಿ ಮಾಂಸ ತಿನ್ನಬಾರ್ದು ಅಂದ ನಿನ್ ಗಂಡ. ಮಾಂಸ ಯಾರು ಮುಟ್ಟಿದಾರೆ? ಒಂದು ಎಳೆ ಬಿಡದೆ ಕಡಲಿಗೆ ಹಾಕಿದೀನಿ. ಬಾಯಲ್ಲಿ ನೀರೂರಿದ್ರೂ ಹಾಕಿದೀನಿ. ಇದು ಮಾಂಸಾನೇನೇ?"

ಅಲ್ಲ. ನಮ್ಮ ಮಾತಿನಲ್ಲಿ ಅದನ್ನು ಯಾರೂ ಮಾಂಸ ಅನ್ನುವುದಿಲ್ಲ. ಅದಕ್ಕೆ ಮಕ್ಕಳ ಪಾಲು ಅಂತಲೇ ಹೆಸರು. ನಡೆಯಲು ಕಲಿತ ಕೂಸಿಗೆ ಮೀಸಲು, ದೊಡ್ಡವರು ಬೆರಳು ನೆಕ್ಕಿದರೂ ನಾಚಿಕೆಗೇಡು. ನಾನೂ ತಿಂದೇ ಬೆಳೆದದ್ದು. ಏಡಿ ತಿಂದ ಪಾಷಾಣವೆಲ್ಲ ಹೋಗಿ ಕೂತಿರುವುದು ಆ ಕೊಬ್ಬಿನಲ್ಲಿ.

ಕರಟ ಕಿತ್ತು ಎಸೆದೆ. ಮನುವಾ ಅತ್ತ. ಯಾಕೆ ಅಂತ ಹೇಳಿದೆ. ಅತ್ತೆ ತಮ್ಮ ಬೆರಳನ್ನು ನೋಡಿಕೊಂಡರು.

ಅದೇ ದಿನ, ಸಂಜೆ

ಪೆನಿಯೇಲಿಯನ್ನು ಕೇಳಿದೆ. ಚೀಟಿಯಲ್ಲಿ ಏನಿತ್ತು?

"ಏಡಿ ಅಂತ ಇತ್ತು. ಬರೀ ಏಡಿ. ಮಾಂಸ ಅಂತ ನಾನೇ ಸೇರಿಸ್ದೆ ಸೆಲುಕಾ. ಹೇಳೋಕೆ ಚೆನ್ನಾಗಿರುತ್ತೆ ಅಂತ."

ಅವನೇ ಹೋಗಿ ಚರ್ಚಿನ ಗಂಟೆ ಬಾರಿಸಿದ. ಎಲ್ಲರೆದುರು ನಿಂತು, ನಾನು ತಪ್ಪು ಹೇಳಿದೆ, ಏಡಿಯದು ಏನನ್ನೂ ಕೊಡಬೇಡಿ ಅಂದ. ಈಗ ಮನೆಮನೆಯ ಹಿಂದೆ ಮಂಡಿಯೂರಿ ಬಿಲಗಳಿಂದ ಗುಳಿಗೆ ಹೆಕ್ಕುತ್ತಿದ್ದಾನೆ. ಯಾರೂ ಗೇಲಿ ಮಾಡಲಿಲ್ಲ.

ಆಮೇಲೆ ಅಜ್ಜಿಯರು ಬಂದರು. ಮೊಮ್ಮಕ್ಕಳನ್ನು ಎತ್ತಿಕೊಂಡು, ಒಬ್ಬೊಬ್ಬರೇ, ತಲೆ ತಗ್ಗಿಸಿಕೊಂಡು. ಇಷ್ಟು ಜನ ಅಂತ ನನಗೆ ಗೊತ್ತಿರಲಿಲ್ಲ. ಕೆಲವು ಮಕ್ಕಳಿಗೆ ಇನ್ನೂ ರಕ್ತ ಶುರುವಾಗಿಲ್ಲ. ಇದ್ದ ವಿಟಮಿನ್ ಕೆ ಎಲ್ಲರಿಗೂ ಹಂಚಿದೆ. ಪಾಲು ಮಾಡಿ ಮಾಡಿ ಒಬ್ಬೊಬ್ಬರಿಗೆ ಬಂದದ್ದು ಕೆಲವೇ ಹನಿ.

ಕೊನೆಗೆ ಮನುವಾ. ಬಾಯಿ ಬಿಡಲೊಲ್ಲ. ಚಮಚ ಕಂಡರೆ ತುಟಿ ಬಿಗಿದುಕೊಳ್ಳುತ್ತಾನೆ, ಒತ್ತಾಯ ಮಾಡಿದರೆ ವಸಡು ಒಡೆಯುತ್ತದೆ. ಅತ್ತೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು, ಕೈ ಎರಡೂ ತೊಡೆಯ ಕೆಳಗೆ.

"ಬನ್ನಿ ಅತ್ತೆ. ನಿಮ್ ಕೈಯಿಂದ ಆದ್ರೆ ತಿಂತಾನೆ."

"ಮುಟ್ಟಲ್ಲ. ಇನ್ ಮುಟ್ಟಲ್ಲ ಕಣೇ ನಾನವನ್ನ. ನನ್ ನಾಲಿಗೆಗೆ ಒಂದು ಚೂರು ಹಾಕ್ಕೊಂಡಿದ್ರೂ ನಾನಾದ್ರೂ ಸಾಯ್ತಿದ್ನಲ್ಲೇ. ಎಲ್ಲಾ ಅವನಿಗೇ ಇಟ್ಟೆ."

ಆ ಕೈಯನ್ನು ನಾನೇ ಎಳೆದು ತೆಗೆದೆ. ಸಾಬೂನು ಹಚ್ಚಿ ತೊಳೆದೆ. ತೋರುಬೆರಳಿನ ಮೇಲೆ ಒಂದು ಹನಿ ಹಾಕಿದೆ.

ಬೆರಳು ಕಂಡದ್ದೇ ತಡ, ಮನುವಾ ಬಾಯಿ ತೆರೆದ.

ಆಗಸ್ಟ್ 14, ಗುರುವಾರ, ನಸುಕು

ಎಚ್ಚರವಾಯಿತು. ಇನ್ನೂ ಕತ್ತಲೆ. ಪೆನಿಯೇಲಿ ಮಲಗಿಯೇ ಇಲ್ಲ, ದಡದಲ್ಲಿ ಹಡಗು ಕಾಯುತ್ತಿದ್ದಾನೆ, ನಾಳೆ ಬರುವ ಹಡಗನ್ನು. ಅತ್ತೆ ಚಾಪೆಯ ಆ ಕಡೆ ಎದ್ದು ಕೂತಿದ್ದಾರೆ. ಕಿಟಕಿಯ ಮಸುಕು ಬೆಳಕಿಗೆ ಪುಸ್ತಕ ಹಿಡಿದು ಅಂದಾಜಿನಲ್ಲಿ ಬರೆಯುತ್ತಿದ್ದೇನೆ.

ಮನುವಾನಿಗೆ ಉಸಿರು ಇದೆ. ಬೆಚ್ಚಗಿದ್ದಾನೆ.

ದಿಂಬಿನ ಮೇಲೆ ಕೈಯಿಟ್ಟೆ. ಒದ್ದೆಯಿದೆ.

ಜೊಲ್ಲು ಇರಬಹುದು. ಮಕ್ಕಳು ಜೊಲ್ಲು ಸುರಿಸುತ್ತವೆ. ದೀಪ ಹಚ್ಚಬೇಕು. ಅತ್ತೆ ಬೆಂಕಿಪೊಟ್ಟಣ ತೆಗೆದು ನನ್ನ ಕಡೆ ಚಾಚುತ್ತಿದ್ದಾರೆ, ನೀನೇ ಹಚ್ಚು ಅನ್ನುವ ಹಾಗೆ. ಹಚ್ಚುತ್ತೇನೆ. ಇದೊಂದು ಸಾಲು ಬರೆದು ಮುಗಿಸಿ.