ಹಿಂದಿನ ಕೋಣೆ

14-3-1996, ಗುರುವಾರ

ಆ ಯಮ್ಮನ ಮುಖ ಕಣ್ಣಿಂದ ಓಗ್ತಾ ಇಲ್ಲ.

ಭಾಮೈದ ಮಾದು ತಮಿಳು ಸೀಮೆ ಕಡಯಂಪಟ್ಟೀಲಿ ಒಂದು ಹಳೇ ಮನೆ ಕೊಳ್ಳೋಕಿದ್ದಾನೆ. ಗೋಡೆ, ಸೂರು ನೋಡಿ ಹೇಳು ಅಂತ ಮೇಸ್ತ್ರಿ ಕೆಲಸದ ನನ್ನನ್ನ ಕರ್ಕೊಂಡೋಗಿದ್ದ. ತಮಿಳರ ಮನೆ ಅಂದ್ಕೊಂಡು ಯಾವಾಗಲೂ ಮಾಡೋ ಹಂಗೇ ಮಾಡಿದ್ವಿ. ಮನೆಯಮ್ಮನ ಹತ್ರ ತಮಿಳಲ್ಲಿ "ವೀಡು ನಲ್ಲಾ ಇರುಕ್ಕಮ್ಮಾ" ಅಂತ ಮನೇನ ಹೊಗಳೋದು, ನಮ್ಮೊಳಗೆ ಕನ್ನಡದಲ್ಲಿ ಹಳಿಯೋದು.

ಗೋಡೆ ನಿಜವಾಗಲೂ ಗಟ್ಟಿ ಐತೆ. ಒಂದಷ್ಟು ಹೆಂಚು ಬದಲಾಯಿಸಿದ್ರೆ ಸಾಕು. ಅಷ್ಟು ಹೇಳಿ ಸುಮ್ಮನಿರಬೇಕಿತ್ತು. ಹಿಂದಿನ ಕೋಣೆಗೆ ಬಗ್ಗಿ ನೋಡಿ, "ಇಲ್ಲಿ ಕುರಿ ಕಟ್ಟಬೋದು ಕಣ್ಲಾ, ಮನುಷ್ಯರು ಇರೋಕಾಗಲ್ಲ" ಅಂದೆ. ಮಾದು ಜೋರಾಗಿ ನಕ್ಕ.

ಆ ಯಮ್ಮ ಇಬ್ಬರಿಗೂ ಮಜ್ಜಿಗೆ ಕೊಟ್ಟು, ಕನ್ನಡದಲ್ಲೇ ಮೆಲ್ಲಗೆ ಅಂದ್ಳು: "ಕುರೀನೂ ಕಟ್ತಿದ್ವಿ ಅಣ್ಣ. ನನ್ನ ಮಗಳು ಉಟ್ಟಿದ್ದೂ ಅಲ್ಲೇ."

ನಮ್ಮವಳೇ. ಮೊದಲಿಂದ ಎಲ್ಲಾ ಕೇಳಿಸ್ಕೊಂಡೇ ಮಜ್ಜಿಗೆ ಕಡೆದಿದ್ದಾಳೆ.

ತಪ್ಪಾಯ್ತಕ್ಕ ಅನ್ನೋಕೆ ಬಾಯಿ ತೆಗೆದೆ. ಬಂದಿದ್ದು "ಸರಿಂಗಮ್ಮಾ". ಆಗಲೂ ತಮಿಳೇ. ಅವಳ ಮುಂದೆ ಇನ್ನು ಕನ್ನಡ ಆಡೋಕೆ ನನಗೆ ಯಾವ ಮುಖ ಐತೆ?