ಮದ್ದಿನವಳ ಹಾಳೆ

ಮಾರ್ಚ್ 3, ಭಾನುವಾರ. ಸಂಜೆ

ಬಾಗಿಲಲ್ಲಿ ಮತ್ತೆ ಚಪ್ಪಲಿ ರಾಶಿ. ಮೊಮ್ಮಗಳ ದಂಡು ಬಂದಿತ್ತು. ಮೇಜಿನ ತುಂಬ ದಾಳ, ಪೆನ್ಸಿಲು, ಬಿಸ್ಕತ್ತಿನ ಪುಡಿ. ಈಗಷ್ಟೇ ಒರೆಸಿ ಕೂತೆ.

ಇವತ್ತು ಅವರಲ್ಲಿ ಒಬ್ಬಳು ಬರಲಿಲ್ಲ, ಆಟವನ್ನೇ ಬಿಟ್ಟಳಂತೆ. "ಅಜ್ಜೀ, ಒಂದು ಕೈ ಕಡಿಮೆ. ನೀನೇ ಕೂತ್ಕೋ." ಕೂತೆ. ನನಗೇನು ಕಡಿದು ಕಟ್ಟೆ ಹಾಕುವುದಿತ್ತು.

ಗುಂಗುರು ಕೂದಲಿನ ಹುಡುಗಿ ಕಥೆ ಹೇಳುತ್ತಾಳೆ — ಕಾಡು, ಗುಹೆ, ರಾಕ್ಷಸ. ಉಳಿದವರು ಆ ಕಥೆಯೊಳಗೆ ಒಂದೊಂದು ವೇಷ. ಏನು ಮಾಡುತ್ತೇವೆ ಎಂದು ಬಾಯಲ್ಲಿ ಹೇಳಬೇಕು, ಆಯಿತೋ ಇಲ್ಲವೋ ದಾಳ ಹೇಳುತ್ತದೆ. ಮೊಮ್ಮಗಳು ಕೊಡಲಿ ಹಿಡಿದ ಯೋಧೆ. ಕನ್ನಡಕದ ಹುಡುಗ ಮಂತ್ರವಾದಿ. ಉದ್ದಕಾಲಿನವ ಬಿಲ್ಲುಗಾರ. ವೇಷಕ್ಕೆ ಇವರು ಕ್ಲಾಸ್ ಎನ್ನುತ್ತಾರೆ. "ಅಜ್ಜಿ ಯಾವ ಕ್ಲಾಸ್?" ಎಂದ ಕನ್ನಡಕದವ. ನಾಲ್ಕನೇ ಕ್ಲಾಸ್, ಅದೂ ಪೂರ್ತಿಯಲ್ಲ ಎಂದೆ. ಬಿದ್ದು ಬಿದ್ದು ನಕ್ಕವು.

ಏನೇನಿದೆ ಎಂದು ಕೇಳಿದೆ. ಕಳ್ಳಿ ಇದ್ದಾಳಂತೆ. ಬೀಗ ತೆಗೆಯುತ್ತಾಳೆ, ಸದ್ದಿಲ್ಲದೆ ನಡೆಯುತ್ತಾಳೆ, ಎದುರಿಗೇ ಇದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಮನೆಯಲ್ಲಿ ಅದು ನನಗೆ ಚೆನ್ನಾಗಿ ಅಭ್ಯಾಸ. ಕಳ್ಳಿಯೇ ಆಗುತ್ತೇನೆ ಎಂದೆ.

"ಅಯ್ಯೋ ಬೇಡ ಅಜ್ಜಿ. ನಮ್ಗೆ ಹೀಲರ್ ಇಲ್ಲ. ನಿಂಗೆ ಅದೇ ಸೂಟ್ ಆಗೋದು."

ಹೀಲರ್ ಎಂದರೆ ಮದ್ದಿನವಳು. ಗಾಯ ಮುಟ್ಟಿದರೆ ವಾಸಿ. ಒಂದೊಂದು ವೇಷಕ್ಕೂ ಹೆಸರು, ಪ್ರಾಣದ ಅಂಕಿ ಬರೆದ ಒಂದು ಹಾಳೆ. ಬಿಟ್ಟುಹೋದವಳ ಹಾಳೆಯಲ್ಲಿ ಎಲ್ಲ ತುಂಬಿಯೇ ಇತ್ತು. ಹೆಸರು ಮಾತ್ರ ಅಳಿಸಿ ನನ್ನ ಮುಂದೆ ತಳ್ಳಿದರು.

ಅತ್ತೆಯನ್ನು ನೋಡಿಕೊಂಡೆ. ಗಂಡನನ್ನು ನೋಡಿಕೊಂಡೆ. ಈಗ ಗುಹೆಯಲ್ಲೂ ಅದೇ ಚಾಕರಿ.

ಮಾರ್ಚ್ 6

ಕಣ್ಣಾಸ್ಪತ್ರೆಯಿಂದ ಫೋನ್. ಬಲಗಣ್ಣಿನ ಪೊರೆ ತೆಗೆಯಲು 26ಕ್ಕೆ ಡೇಟ್. ಹೋದ ವರ್ಷ ಸಿಕ್ಕ ಡೇಟು ಸೊಸೆಯ ಜ್ವರಕ್ಕೆ ಬಲಿಯಾಯಿತು. "ಈ ಸಲನೂ ತಪ್ಪಿಸ್ಬೇಡಿ ಅಮ್ಮಾ, ಪೊರೆ ಗಟ್ಟಿಯಾಗ್ತಿದೆ" ಎಂದಳು ನರ್ಸು. ಅವಳಿಗೇನು ಗೊತ್ತು, ತಪ್ಪಿಸಿದ್ದು ನಾನಲ್ಲ ಅಂತ.

ಬರೆದದ್ದು ನನಗೇ ಕಾಣುವುದಿಲ್ಲ. ಪುಸ್ತಕದ ಮೇಲೆ ಬರೆಯುತ್ತಿದ್ದೇನೋ ಮೇಜಿನ ಮೇಲೋ.

ಮಗನಿಗೆ ಹೇಳಿದೆ. "ಆಯ್ತಮ್ಮ" ಎಂದ. ನನಗಲ್ಲ, ಮೊಬೈಲಿಗೆ.

ಮಾರ್ಚ್ 10, ಭಾನುವಾರ

ಸತ್ತೆ.

ಗುಹೆಯಲ್ಲಿ ತೋಳಗಳು ಮುತ್ತಿದವು. "ಅಜ್ಜಿ ನಂಗೆ!" "ಇಲ್ಲ ಇಲ್ಲ, ಮೊದ್ಲು ನಂಗೆ!" ಮಂತ್ರವಾದಿಗೆ ಮದ್ದು ಹಾಕಿದೆ, ಬಿಲ್ಲುಗಾರನಿಗೆ ಹಾಕಿದೆ, ಮೊಮ್ಮಗಳಿಗಂತೂ ಕೇಳುವ ಮೊದಲೇ. ನಡುನಡುವೆ ನನಗೂ ತೋಳ ಕಚ್ಚುತ್ತಿತ್ತು. ಹಾಳೆಯಲ್ಲಿ ಪ್ರಾಣದ ಅಂಕಿ ಅಳಿಸುತ್ತ, ಇಳಿಸಿ ಬರೆಯುತ್ತ ಹೋದೆ. ಕೊನೆಗೆ ಗುಂಗುರು ಕೂದಲಿನವಳು ಕೇಳಿದಳು, "ಅಜ್ಜಿ, ನಿಮ್ದೆಷ್ಟಿದೆ?" ಸೊನ್ನೆ ಎಂದೆ.

"ಅಜ್ಜೀ! ನಿಂಗೆ ನೀನೇ ಹಾಕ್ಕೋಬಹುದಿತ್ತಲ್ಲ!" ಮೊಮ್ಮಗಳು ತಲೆ ಚಚ್ಚಿಕೊಂಡಳು.

"ಹಾಗೂ ಮಾಡ್ಬಹುದಾ?"

"ಮತ್ತೆ? ರೂಲೇ ಇದೆ."

ಮದ್ದು ಬೇರೆಯವರಿಗೆ ಎಂದುಕೊಂಡಿದ್ದೆ. ಉದ್ದಕಾಲಿನವ ಕಿಸಕ್ಕನೆ ನಕ್ಕ. ಮೊಮ್ಮಗಳು ನಗಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

ಮಾರ್ಚ್ 13

ಬೀಗರು, ಸೊಸೆಯ ಅಪ್ಪ, ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಎರಡು ತಿಂಗಳು ಹಾಸಿಗೆ. ಬೀಗಿತಿಗೆ ಮಂಡಿನೋವು, ತನ್ನನ್ನು ತಾನು ಎತ್ತಿಕೊಂಡರೆ ಹೆಚ್ಚು.

ಊಟಕ್ಕೆ ಕೂತಾಗ ಸೊಸೆ ಶುರು ಮಾಡಿದಳು. "ಅತ್ತೆ, ನಂಗೆ ರಜೆ ಸಿಗಲ್ಲ. ನಿಮಗಾದ್ರೆ ಅಭ್ಯಾಸ ಇದೆ..."

"ನನ್ನ ಕಣ್ಣು?"

"ಪೊರೆ ಎಲ್ಲಿಗೂ ಓಡಿಹೋಗಲ್ಲಮ್ಮ" ಎಂದ ಮಗ. ಇವನು ಸೋಮವಾರದಿಂದ ರಜೆಯಲ್ಲಿದ್ದಾನೆ. ಕೂಡಿಟ್ಟ ರಜೆ, ಮುಗಿಸದಿದ್ದರೆ ವ್ಯರ್ಥವಂತೆ. ಸೋಫಾದಲ್ಲಿ ಅವನ ಆಕಾರದ ಗುಂಡಿ ಬಿದ್ದಿದೆ.

ನಾನು ಹೋಗಲ್ಲ ಎಂದೆ.

ಕುರ್ಚಿ ಮಾತಾಡಿತೇನೋ ಎಂಬ ಹಾಗೆ ಇಬ್ಬರೂ ತಿರುಗಿ ನೋಡಿದರು.

ಮಾರ್ಚ್ 17, ಭಾನುವಾರ

ಹೊಸ ಹಾಳೆ ಬೇಕು ಎಂದೆ. ಕಳ್ಳಿಯಾದೆ. ಹೆಸರು ನಾನೇ ಬರೆದೆ, ಅಂಕಿ ನಾನೇ ತುಂಬಿದೆ.

"ಹಾಗಾದ್ರೆ ಹೀಲರ್ ಯಾರು?" ಎಂದಳು ಗುಂಗುರು ಕೂದಲಿನವಳು. ಮಂತ್ರವಾದಿ ತನ್ನ ದಾಳ ನೋಡಿದ. ಬಿಲ್ಲುಗಾರ ಬಿಸ್ಕತ್ತು ನೋಡಿದ. ಅವರನ್ನು ಯಾರೂ ಕೇಳಲೂ ಇಲ್ಲ.

"ಕೊಡು, ನಾನೇ ಆಗ್ತೀನಿ" ಎಂದಳು ಮೊಮ್ಮಗಳು. "ಯಾರಾದ್ರೂ ಆಗ್ಲೇಬೇಕಲ್ಲ." ಕೊಡಲಿಯವಳ ಹಾಳೆ ಮಡಚಿಟ್ಟು ನನ್ನ ಹಳೆಯದನ್ನು ಎಳೆದುಕೊಂಡಳು. ಎಷ್ಟು ಪ್ರೀತಿಯಿಂದ ಬಣ್ಣ ಹಚ್ಚಿದ್ದಳು, ಹಾಳೆಯಲ್ಲಿ ಬಿಡಿಸಿದ ಆ ಕೊಡಲಿಗೆ.

ಇವತ್ತು ಎರಡು ಬೀಗ ತೆಗೆದೆ. ಖುಷಿಯಾಗಲಿಲ್ಲ.

ಮಾರ್ಚ್ 23

ಆರು ದಿನ ಪೆನ್ನು ಮುಟ್ಟಲಿಲ್ಲ. ಸೊಸೆ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಹೇಳುವುದಿದ್ದರೆ ಗೋಡೆಗೆ ಹೇಳುತ್ತಾಳೆ, ನಾನು ಗೋಡೆಯಿಂದ ಕೇಳಿಸಿಕೊಳ್ಳುತ್ತೇನೆ.

ಇವತ್ತು ಗೊತ್ತಾಯಿತು. ನನ್ನ ಬದಲಿಗೆ ಮೊಮ್ಮಗಳನ್ನು ಕಳಿಸುತ್ತಾರಂತೆ. ಮುಂದಿನ ತಿಂಗಳು ಅವಳ ಪರೀಕ್ಷೆ. "ಅಲ್ಲೇ ಓದ್ಕೋತಾಳೆ ಬಿಡು" ಎಂದ ಅವಳಪ್ಪ. ಬೆಡ್‌ಪ್ಯಾನ್ ಒಂದು ಕೈಲಿ, ಪುಸ್ತಕ ಒಂದು ಕೈಲಿ.

ಅವಳನ್ನು ಕೇಳಿದೆ. "ಪರವಾಗಿಲ್ಲ ಅಜ್ಜಿ. ಯಾರಾದ್ರೂ ಹೋಗ್ಲೇಬೇಕಲ್ಲ."

ಅದೇ ಮಾತು. ಅದೇ ದನಿ. ಹಾಳೆ ಎಳೆದುಕೊಂಡಾಗ ಇದ್ದದ್ದು.

ಮಗನ ಮುಂದೆ ಹೋಗಿ ನಿಂತೆ. "ಗಂಡಸನ್ನ ಎತ್ತಿ ಕೂರಿಸೋಕೆ ಗಂಡಸೇ ಬೇಕು. ನಿನ್ನ ಮಾವ. ನಿಂಗೆ ರಜೆ ಇದೆ. ನೀನು ಹೋಗು."

ನಕ್ಕ. ಸಿಟ್ಟು ಮಾಡಿದ್ದರೂ ಸಹಿಸುತ್ತಿದ್ದೆ. "ನಾನಾ? ನಂಗೇನು ಗೊತ್ತಾಗುತ್ತಮ್ಮ ಅದೆಲ್ಲ?"

"ನಂಗೂ ಹುಟ್ತಾನೇ ಗೊತ್ತಿರ್ಲಿಲ್ಲ ಕಣೋ."

ಟಿವಿ ಜೋರು ಮಾಡಿದ. ಇವನ ಅಂಡು ತೊಳೆದ ಕೈ ಇದು.

ಮಾರ್ಚ್ 24, ಭಾನುವಾರ

ಆಟವಿಲ್ಲ. ಬಾಗಿಲಲ್ಲಿ ಚಪ್ಪಲಿಯಿಲ್ಲ. ಹುಡುಗಿ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಾಳೆ. ದಾಳ ಬೇಡವೇ ಎಂದೆ. ಅಲ್ಲಿ ಯಾರ ಜೊತೆ ಆಡಲಿ ಎಂದಳು.

ಮಾರ್ಚ್ 26, ಮಂಗಳವಾರ. ಬೆಳಿಗ್ಗೆ

ಒಂದೇ ಟ್ಯಾಕ್ಸಿ. ಮೊದಲು ನನ್ನನ್ನು ಕಣ್ಣಾಸ್ಪತ್ರೆಯಲ್ಲಿ ಇಳಿಸಿ, ಆಮೇಲೆ ಹುಡುಗಿ ತಾತನ ಮನೆಗೆ. ಆಸ್ಪತ್ರೆಯಲ್ಲಿ ನನ್ನ ಜೊತೆ ಒಬ್ಬರು ಇರಲೇಬೇಕಂತೆ. ಯಾರು ಎಂದು ಕೇಳಿದ್ದಕ್ಕೆ ಮಗ "ನೋಡೋಣ" ಎಂದಿದ್ದಾನೆ. ಅವನ ನೋಡೋಣ ನಾನು ಬೇಕಾದಷ್ಟು ನೋಡಿದ್ದೇನೆ.

ಸೊಸೆ ಸ್ನಾನಕ್ಕೆ ಹೋದಳು. ಮಗ ಪೇಪರ್ ಹಿಡಿದು ಕೂತ. ಹುಡುಗಿ ಮಹಡಿಯ ಮೇಲೆ ಬಟ್ಟೆ ತೆಗೆಯುತ್ತಿದ್ದಳು. ಅವಳ ಚೀಲ ಬಿಚ್ಚಿದೆ. ಎಲ್ಲ ಹೊರಗೆ — ನನ್ನ ಮಂಚದ ಕೆಳಗಿದೆ. ಮಗನ ಅಂಗಿ, ಲುಂಗಿ, ಟವೆಲ್, ಶೇವಿಂಗ್ ಸೆಟ್, ಮೊಬೈಲಿನ ಚಾರ್ಜರ್ ಒಳಗೆ. ಅವನ ಮುಂದೆಯೇ ಹೊತ್ತುಕೊಂಡು ಎರಡು ಸಲ ಓಡಾಡಿದೆ. ಪೇಪರಿನಿಂದ ತಲೆ ಎತ್ತಲಿಲ್ಲ. ಕಳ್ಳಿ ಎದುರಿಗಿದ್ದರೂ ಕಣ್ಣಿಗೆ ಬೀಳುವುದಿಲ್ಲ ಎಂದು ಹುಡುಗರು ಸುಳ್ಳು ಹೇಳಿರಲಿಲ್ಲ.

ಚೀಲದ ಮೇಲೆ ಮದ್ದಿನವಳ ಹಾಳೆ ಇಟ್ಟೆ. ಹೆಸರು ಅಳಿಸಿದ್ದೇನೆ.

ಟ್ಯಾಕ್ಸಿ ಬಂತು. ಹಾರ್ನ್. ಬಾಗಿಲಲ್ಲಿ ಎರಡು ಚೀಲ. ಹುಡುಗಿಗೆ ಕೂಗಿ ಹೇಳಿದೆ, ಚಪ್ಪಲಿ ಹಾಕ್ಕೋ, ನನ್ನ ಜೊತೆ ಆಸ್ಪತ್ರೆಗೆ ಬರೋದು ನೀನು ಅಂತ.

"ಅಮ್ಮಾ, ನನ್ನ ಚಾರ್ಜರ್ ಎಲ್ಲಿ?"

ಈಗ ಎದ್ದಿದ್ದಾನೆ.

"ಅಮ್ಮಾ, ಶೇವಿಂಗ್ ಸೆಟ್ಟೂ ಇಲ್ಲ, ಯಾರು ತೆಗೆದ್ರು?"

ಹೋಗಿ ಹೇಳಬೇಕು. ನಾನೇ ಕಣಪ್ಪ —