ಕ್ಷುದ್ರಗ್ರಹ ನಮ್ಮ ಮನೆಯ ಮಾಟವಲ್ಲ

ಕಡೂರಿನಲ್ಲಿ ನಡೆದ ಮಕ್ಕಳ ವಿಜ್ಞಾನ ಮೇಳದ ಅಧ್ಯಕ್ಷತೆ ವಹಿಸಿದ್ದ ಅಧಿಕಾರಿಗಳಿಗೆ

ಮಾನ್ಯರೇ,

ಕ್ಷುದ್ರಗ್ರಹ ಎಂದರೆ ಮಾಟವಲ್ಲ. ಅದು ಸೂರ್ಯನ ಸುತ್ತ ತಿರುಗುವ ಬಂಡೆ. ಇಂಗ್ಲಿಷಿನಲ್ಲಿ ಆಸ್ಟರಾಯ್ಡ್ ಅನ್ನುತ್ತಾರೆ, ಹಾಗೆಂದರೆ ತಮಗೆ ಬೇಗ ತಿಳಿಯಬಹುದು. ಪಂಚನಹಳ್ಳಿ ಬಸ್ ಸ್ಟ್ಯಾಂಡಿನ ಪಕ್ಕ ಬೈಕ್ ರಿಪೇರಿ ಮಾಡುವ ನಾನು ಇದನ್ನು ತಮಗೆ ಹೇಳಿಕೊಡಬೇಕಾಗುತ್ತದೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಆ ಪದವನ್ನು ನಾನು ಹುಟ್ಟಿಸಿದ್ದಲ್ಲ, ನನ್ನ ಮಗಳೂ ಹುಟ್ಟಿಸಿದ್ದಲ್ಲ. ತಾವೇ ಮಕ್ಕಳಿಗೆ ಹಂಚಿ ಫೋಟೊ ತೆಗೆಸಿಕೊಂಡ ಕನ್ನಡದ ವಿಜ್ಞಾನ ಪಠ್ಯಪುಸ್ತಕದಲ್ಲಿ ಅದಿದೆ. ಹಂಚುವ ಗಡಿಬಿಡಿಯಲ್ಲಿ ಒಳಗೇನಿದೆ ಎಂದು ನೋಡಲು ತಮಗೆ ಪುರುಸೊತ್ತಾಗಲಿಲ್ಲವೇನೋ.

ಈ ಪತ್ರ ಓದುವ ಉಳಿದವರಿಗೂ ನಡೆದದ್ದು ಗೊತ್ತಾಗಲಿ. ನನ್ನ ಮಗಳು ಭೂಮಿಕಾ ಎಂಟನೇ ಕ್ಲಾಸು. ವಿಜ್ಞಾನ ಮೇಳಕ್ಕೆಂದು ಅವಳು ಥರ್ಮಾಕೋಲಿನ ಮೇಲೆ ಒಂದು ಮಾಡೆಲ್ ಮಾಡಿದಳು. ಒಂದು ಕಡೆ ಆಕಾಶದಿಂದ ಬೀಳುವ ಬಂಡೆ, ಇನ್ನೊಂದು ಕಡೆ ಲಾವಾ ಉಕ್ಕುವ ಬೆಟ್ಟ, ನಡುವೆ ನನ್ನ ಗ್ಯಾರೇಜಿನ ಹಳೇ ಟ್ಯೂಬ್ ಕತ್ತರಿಸಿ ಮಾಡಿದ ಡೈನೋಸಾರ್‌ಗಳು. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದಳು: ‘ಡೈನೋಸಾರ್‌ಗಳನ್ನು ಕೊಂದದ್ದು ಯಾರು? ಕ್ಷುದ್ರಗ್ರಹವೋ, ಜ್ವಾಲಾಮುಖಿಯೋ?’

ಅವಳು ಮನೆಯಲ್ಲಿ ಹೇಳಿ ಹೇಳಿ ನನಗೂ ಬಾಯಿಪಾಠವಾಗಿದೆ. ಆರೂವರೆ ಕೋಟಿ ವರ್ಷಕ್ಕೂ ಹಿಂದೆ ಈಗಿನ ಮೆಕ್ಸಿಕೊ ಕಡೆ ದೊಡ್ಡದೊಂದು ಬಂಡೆ ಬಿತ್ತು. ಧೂಳು, ಮಸಿ ಆಕಾಶ ಮುಚ್ಚಿ ಬಿಸಿಲು ನಿಂತಿತು, ಗಿಡ ಸತ್ತವು, ಗಿಡ ತಿನ್ನುವವು ಸತ್ತವು, ಅವನ್ನು ತಿನ್ನುವವೂ ಸತ್ತವು. ಭೂಮಿಯಲ್ಲಿ ಅಪರೂಪವಾದ ಇರಿಡಿಯಮ್ ಎಂಬ ಲೋಹ ಆ ಕಾಲದ ಮಣ್ಣಿನ ಪದರದಲ್ಲಿ ಲೋಕದ ಎಷ್ಟೋ ಕಡೆ ಸಿಗುವುದು ಇದಕ್ಕೆ ಸಾಕ್ಷಿ. ಹೆಚ್ಚಿನ ವಿಜ್ಞಾನಿಗಳು ಒಪ್ಪುವುದು ಇದನ್ನೇ. ಆದರೆ ಅದೇ ಕಾಲದಲ್ಲಿ ನಮ್ಮ ದಖ್ಖನ್ನಿನಲ್ಲಿ, ಈಗಿನ ಮಹಾರಾಷ್ಟ್ರದಿಂದ ನಮ್ಮ ಬೆಳಗಾವಿ, ವಿಜಯಪುರದ ಕಡೆಯವರೆಗೆ, ಲಕ್ಷಾಂತರ ವರ್ಷ ಲಾವಾ ಉಕ್ಕುತ್ತಿತ್ತು. ಆ ಹೊಗೆಯೇ ಹವೆಯನ್ನು ಕೆಡಿಸಿತು ಎನ್ನುವವರಿದ್ದಾರೆ. ಎರಡೂ ಸೇರಿ ಕೊಂದವು ಎನ್ನುವವರಿದ್ದಾರೆ. ಬಂಡೆ ಬೀಳುವ ಮೊದಲೇ ಡೈನೋಸಾರ್‌ಗಳು ಸೊರಗುತ್ತಿದ್ದವೇ, ಇಲ್ಲವೇ ಎಂದೂ ಜಗಳವಿದೆ. ಇಷ್ಟಾಗಿಯೂ ಪೂರ್ತಿ ನಾಶವಾಗಲಿಲ್ಲ, ಹಕ್ಕಿಗಳು ಅವುಗಳದೇ ಕುಲವಂತೆ. ಅದನ್ನು ಓದಿದ ದಿನದಿಂದ ನಮ್ಮ ಮನೆಯಲ್ಲಿ ಕೋಳಿ ಸಾರು ಮಾಡಿದಾಗಲೆಲ್ಲ ಅವಳು, "ಡೈನೋಸಾರ್ ಬಡ್ಸಮ್ಮ" ಅನ್ನುತ್ತಿದ್ದಳು.

ತಾವು ಅವಳ ಮೇಜಿನ ಮುಂದೆ ಬಂದಾಗ ನಾನು ಹಿಂದೆಯೇ ನಿಂತಿದ್ದೆ. ಲಾವಾಕ್ಕೆ ಬಣ್ಣ ಕೊಂಡು ತಂದಿರಲಿಲ್ಲ. ಅರಿಶಿನದ ನೀರಿಗೆ ಅಡಿಗೆ ಸೋಡಾ ಹಾಕಿದರೆ ಕೆಂಪಾಗುತ್ತದೆ, ಮೇಲೆ ನಿಂಬೆರಸ ಹಿಂಡಿದರೆ ಬುರುಬುರು ಉಕ್ಕುತ್ತದೆ. ಅದಕ್ಕೇ ಮೇಜಿನ ಮೇಲೆ ಕೆಂಪು ನೀರಿನ ಲೋಟ, ಪಕ್ಕದಲ್ಲಿ ಹೆಚ್ಚಿದ ನಿಂಬೆಹಣ್ಣು, ಮೇಲೆ ‘ಕ್ಷುದ್ರ’ ಎಂದು ಶುರುವಾಗುವ ಬೋರ್ಡು. ತಾವು ನಕ್ಕಿರಿ.

"ಏನಮ್ಮಾ ಇದು? ಯಾರಿಗೆ ಮಾಟ ಮಾಡಿಸ್ತಾ ಇದೀಯ?"

"ಮಾಟ ಅಲ್ಲ ಸರ್, ಲಾವಾ. ನಿಂಬೆರಸ ಹಾಕಿದ್ರೆ ಉಕ್ತದೆ ಸರ್, ತೋರಿಸ್ಲಾ?"

"ಬೇಡ ಬೇಡ. ಆಯ್ತು, ಕೊನೆಗೆ ಯಾವ್ದು ಕೊಂದಿದ್ದು, ಅದನ್ನ ಹೇಳು."

"ಬಂಡೆ ಅಂತಾನೇ ಜಾಸ್ತಿ ಜನ ಹೇಳ್ತಾರೆ ಸರ್. ಜ್ವಾಲಾಮುಖಿದು ಪಾಲು ಎಷ್ಟು ಅಂತ ಇನ್ನೂ ತೀರ್ಮಾನ ಆಗಿಲ್ಲ."

"ಉತ್ತರಾನೇ ಗೊತ್ತಿಲ್ದೆ ಮಾಡೆಲ್ ತಂದಿದೀಯ?"

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ದೊಡ್ಡವರು ತಮಾಷೆ ಮಾಡಿದರು ಎಂದು ಮಗಳಿಗೆ ಸಮಾಧಾನ ಹೇಳಿ ಬಸ್ ಹತ್ತಿಸುತ್ತಿದ್ದೆ. ಮೊದಲ ಬಹುಮಾನ ಮಳೆನೀರು ಕೊಯ್ಲಿನ ಮಾಡೆಲ್ಲಿಗೆ ಹೋಯಿತು. ಅದು ಪ್ರತಿ ವರ್ಷವೂ ಬರುತ್ತದೆ, ಅದರ ಉತ್ತರ ಎಲ್ಲರಿಗೂ ಗೊತ್ತಿದೆ, ಸಂತೋಷ. ಆಮೇಲೆ ತಾವು ಮೈಕ್ ಹಿಡಿದು, ಮೈದಾನದ ತುಂಬ ಮಕ್ಕಳು, ಮೇಷ್ಟ್ರುಗಳು, ತಂದೆತಾಯಿಗಳು ಕೂತಿರುವಾಗ ಹೇಳಿದ್ದು ನೆನಪಿದೆಯೇ? "ವಿಜ್ಞಾನ ಮೇಳಕ್ಕೂ ನಿಂಬೆಹಣ್ಣು ಹಿಡ್ಕೊಂಡು ಕ್ಷುದ್ರದ ಗ್ರಹಚಾರ ಹೊತ್ತು ತಂದವರಿದ್ದಾರೆ. ಇಂಥ ಮೌಢ್ಯ ಮಕ್ಕಳಿಗೆ ಮನೆಯಿಂದ್ಲೇ ಬರೋದು." ಜನ ಗೊಳ್ಳೆಂದು ನಕ್ಕರು. ನನ್ನ ಮಗಳು ತನ್ನ ಬೋರ್ಡನ್ನು ಬೋರಲು ಹಾಕಿದಳು. ಅವಳ ವಿಜ್ಞಾನದ ಟೀಚರ್ ಸುಮನಾ ಮೇಡಂ ಎದ್ದು ಏನೋ ಹೇಳಲು ಹೋದರು, ತಾವು ಅಷ್ಟರಲ್ಲಿ ವಂದನಾರ್ಪಣೆಗೆ ಕರೆದಾಗಿತ್ತು.

ಮನೆಯಿಂದಲೇ ಬರುವುದು ಎಂದಿರಲ್ಲ, ನಮ್ಮ ಮನೆಯ ಕಥೆಯನ್ನೂ ಕೇಳಿ. ನಾನು ಸಣ್ಣವನಿದ್ದಾಗ ಊರ ಮೇಗಳ ಬೀದಿಯ ಈರಭದ್ರಪ್ಪನವರ ಕರು ಇದ್ದಕ್ಕಿದ್ದಂತೆ ನೊರೆ ಕಾರಿ ಸತ್ತಿತು. ಹಿಂದಿನ ದಿನ ನನ್ನ ಅವ್ವ ಹುಲಿಯಮ್ಮ ಅವರ ಕೊಟ್ಟಿಗೆಯ ಸಗಣಿ ಬಾಚಿ ಬಂದಿದ್ದಳು. ಅಷ್ಟೇ ಸಾಕಾಯಿತು. "ಹುಲಿಯಮ್ಮ ಕ್ಷುದ್ರ ಮಾಡವ್ಳೆ" ಎಂದು ಅವರು ಅರಳಿಕಟ್ಟೆಯ ಮುಂದೆ ನಿಂತು ಕೂಗಿದರು. ಯಾರೂ ಇನ್ನೊಂದು ಕಾರಣ ಹುಡುಕಲಿಲ್ಲ, ಒಂದು ಉತ್ತರ ಸಿಕ್ಕಿತ್ತಲ್ಲ. ಅಲ್ಲಿಂದ ಮುಂದೆ ನಮ್ಮವ್ವ ಹಾದುಹೋದರೆ ಹೆಂಗಸರು ಮಕ್ಕಳನ್ನು ಸೆರಗಿನಲ್ಲಿ ಮುಚ್ಚುತ್ತಿದ್ದರು. ಕೆಲಸಕ್ಕೆ ಕರೆಯುವವರು ನಿಂತರು. ಎಷ್ಟೋ ದಿನಗಳ ಮೇಲೆ ದನದ ಡಾಕ್ಟರು ಬಂದು, ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಪೈರು ಮೇಯ್ದರೆ ದನ ಹೀಗೆ ಸಾಯುತ್ತವೆ, ಆ ಪೈರಿನಲ್ಲೇ ವಿಷವಿರುತ್ತದೆ ಎಂದು ಈರಭದ್ರಪ್ಪನವರ ಅಂಗಳದಲ್ಲೇ ಹೇಳಿದರು. ಕರು ಹೊಕ್ಕಿದ್ದ ಜೋಳದ ಹೊಲ ಅವರದೇ ಆಗಿತ್ತು. ಊರಿಗೆಲ್ಲ ಗೊತ್ತಾಯಿತು. ಆದರೆ ಕೂಗಿದ ಜಾಗದಲ್ಲಿ ನಿಂತು "ತಪ್ಪಾಯ್ತು" ಅನ್ನಲು ಅವರು ಸಾಯುವ ತನಕ ಬರಲಿಲ್ಲ. ಅವ್ವ ಆ ಒಂದು ಮಾತಿಗೆ ಕಾದಳು.

ನಾನು ವಿಜ್ಞಾನವನ್ನು ನಂಬಿದ್ದು ಆ ಡಾಕ್ಟರ ಮಾತಿನಿಂದ. ನಮ್ಮ ಗೋಡೆಯ ಮೇಲೆ ಬುದ್ಧನ ಪಟ ಬಂದದ್ದೂ ಆಮೇಲೆಯೇ. ದೃಷ್ಟಿಗೆಂದು ನಮ್ಮ ಬಾಗಿಲಿಗೆ ನಾವು ಏನನ್ನೂ ಕಟ್ಟುವುದಿಲ್ಲ. ಮೇಳದ ದಿನ ತಮ್ಮ ಕಾರಿನ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿಯ ಸರ ತೂಗಾಡುತ್ತಿತ್ತು. ಅದು ಯಾವ ಪ್ರಯೋಗದ್ದು ಎಂದು ನಾನು ಕೇಳಲಿಲ್ಲ. ಗಾಡಿ ರಿಪೇರಿಯವನಾದ್ದರಿಂದ ಕಣ್ಣಿಗೆ ಬಿತ್ತು, ಅಷ್ಟೆ.

ತಮ್ಮನ್ನೂ ನಂಬಿದ್ದೆ, ಅದಕ್ಕೆ ಕಾರಣವಿದೆ. ಹೋದ ವರ್ಷ ತಾವು ನಮ್ಮೂರ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದು, "ಪ್ರಶ್ನೆ ಕೇಳೋ ಮಗುವೇ ವಿಜ್ಞಾನಿ, ಗೊತ್ತಿಲ್ಲ ಅನ್ನೋಕೆ ನಾಚ್ಬೇಡಿ, ನಮ್ಮ ಭಾಷೇಲೇ ವಿಜ್ಞಾನ ಕಲೀರಿ" ಎಂದಿರಿ. ನಾನು ಕೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆ. ಆಗ ಭೂಮಿಕಾ ಕಡೂರಿನ ಇಂಗ್ಲಿಷ್ ಮೀಡಿಯಂ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಿದ್ದಳು. ನನ್ನ ಹೆಂಡತಿ ವಿದ್ಯಾಶ್ರೀ, "ಭಾಷಣ ಕೇಳ್ಕಂಡು ಯಾರಾದ್ರೂ ಮಗೀನ ಟೀಸಿ ತರ್ತಾರೇನ್ರೀ?" ಎಂದು ಗದರಿದಳು. ನಾನು ಕೇಳಲಿಲ್ಲ, ಟೀಸಿ ತಂದು ನಮ್ಮೂರ ಕನ್ನಡ ಶಾಲೆಗೆ ಸೇರಿಸಿದೆ. ಮಗಳು ಇಂಗ್ಲಿಷ್ ಶಾಲೆಯಲ್ಲೇ ಉಳಿದಿದ್ದರೆ ಬೋರ್ಡಿನ ಮೇಲೆ ‘ಆಸ್ಟರಾಯ್ಡ್’ ಎಂದು ಬರೆಯುತ್ತಿದ್ದಳು. ಆಗ ತಾವು ಬೆನ್ನು ತಟ್ಟುತ್ತಿದ್ದಿರಿ, ಅಲ್ಲವೇ? ಒಂದೇ ಬಂಡೆ ಇಂಗ್ಲಿಷಿನಲ್ಲಿ ಬಿದ್ದರೆ ವಿಜ್ಞಾನ, ಕನ್ನಡದಲ್ಲಿ ಬಿದ್ದರೆ ಮಾಟವೇ? ಕನ್ನಡದಲ್ಲಿ ಕಲಿಯಿರಿ ಎಂದವರೇ ಕನ್ನಡದ ಪದ ಕಂಡು ನಕ್ಕರೆ ನಾವು ಯಾರ ಮಾತು ನಂಬಬೇಕು?

ನನಗೆ ಮೋಸವಾಗಿದೆ ಮಾನ್ಯರೇ. ಬಹುಮಾನ ಕೈತಪ್ಪಿದ್ದಕ್ಕೆ ಈ ಸಂಕಟವಲ್ಲ. ಲೋಕದ ದೊಡ್ಡ ದೊಡ್ಡ ವಿಜ್ಞಾನಿಗಳು ಇವತ್ತಿಗೂ "ಇಷ್ಟು ಗೊತ್ತು, ಇಷ್ಟು ಗೊತ್ತಿಲ್ಲ" ಅನ್ನುತ್ತಾರೆ. ನನ್ನ ಮಗಳು ಅದನ್ನೇ ಅಂದಳು. ಅಷ್ಟಕ್ಕೆ ತಾವು ಅವಳಿಗೆ ಕಲಿಸಿದ್ದೇನು? ಮೇಳ ಮುಗಿದ ವಾರ ಶಾಲೆಯಲ್ಲಿ ಪರೀಕ್ಷೆಯಿತ್ತು. ಓದುತ್ತ ಕೂತವಳು ತಲೆ ಎತ್ತಿ, "ಅಪ್ಪಾ, ಡೈನೋಸಾರ್ ಯಾಕೆ ಸತ್ವು ಅಂತ ಬಂದ್ರೆ ಯಾವ್ದನ್ನ ಬರೀಲಿ? ಅವ್ರಿಗೆ ಇಷ್ಟ ಆಗೋದು ಒಂದೇ ಉತ್ರ ಹೇಳ್ಬಿಡು, ಅದ್ನೇ ಬರೀತೀನಿ" ಅಂದಳು. ಕೋಳಿಯನ್ನು ಡೈನೋಸಾರ್ ಎಂದು ಕರೆಯುತ್ತಿದ್ದ ಹುಡುಗಿ ಹೀಗಂದಳು. ನನಗೆ ಅಳು ಬಂತು. ಮಾಡೆಲ್ ಈಗ ಗ್ಯಾರೇಜಿನ ಮೂಲೆಯಲ್ಲಿ ಗೋಣಿಚೀಲದ ಕೆಳಗಿದೆ. ನೋಡಿದರೆ ಎಸೆದುಬಿಡುತ್ತಾಳೆಂದು ನಾನೇ ಮುಚ್ಚಿಟ್ಟಿದ್ದೇನೆ.

ಅವ್ವನಿಗೆ ವಿಷಯ ತಿಳಿಯಬಾರದೆಂದಿದ್ದೆ. ಮಗಳೇ ಹೇಳಿಬಿಟ್ಟಳು. "ಅಜ್ಜಿ, ನಿಂಗೂ ಹಿಂಗೇ ಅಂದಿದ್ರಂತೆ?" ಎಂದು ಕೇಳಿದಳು. ಅವ್ವ, "ನಾನು ಓದಿಲ್ಲ, ಅದ್ಕೇ ಅಂದ್ರು ಅನ್ಕಂಡಿದ್ದೆ ಕಣವ್ವ. ನೀನು ಓದ್ತಿದೀಯಲ್ಲ, ನಿಂಗ್ಯಾಕಂದ್ರು?" ಅಂದಳು. ಈ ಪ್ರಶ್ನೆಗೆ ತಮ್ಮ ಹತ್ತಿರ ಉತ್ತರವಿದ್ದರೆ ನಮ್ಮ ಮನೆಗೆ ಬಂದು ಅವ್ವನಿಗೇ ಹೇಳಿ.

ನಾನು ಕೇಳುವುದು ಬಹಳವಿಲ್ಲ. ಬಹುಮಾನ ಬೇಡ, ತನಿಖೆ ಬೇಡ, ಕಚೇರಿಯಲ್ಲಿ ಕೂರಿಸಿ ಕಾಫಿ ಕೊಟ್ಟು ಸಮಾಧಾನ ಹೇಳುವುದಂತೂ ಬೇಡವೇ ಬೇಡ. ಮುಂದಿನ ತಿಂಗಳು ಮಕ್ಕಳ ಕ್ರೀಡಾಕೂಟ ಉದ್ಘಾಟಿಸಲು ಅದೇ ಮೈದಾನಕ್ಕೆ ತಾವು ಬರುತ್ತೀರೆಂದು ಕೇಳಿದೆ. ಅದೇ ಮೈಕ್ ಹಿಡಿದು, ಅವತ್ತು ನಕ್ಕಷ್ಟೇ ಜೋರಾಗಿ, "ಕ್ಷುದ್ರಗ್ರಹ ಅಂದರೆ ಏನೆಂದು ನನಗೆ ಗೊತ್ತಿರಲಿಲ್ಲ, ತಪ್ಪಾಯಿತು" ಎಂದು ಹೇಳಬೇಕು. ಭೂಮಿಕಾ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ. ಪಕ್ಕದಲ್ಲಿ ಅವ್ವನನ್ನೂ ಕೂರಿಸುತ್ತೇನೆ. ಕೂಗಿದ ಜಾಗಕ್ಕೇ ಬಂದು ಒಬ್ಬರು ತಪ್ಪಾಯಿತು ಅನ್ನುವುದನ್ನು ಅವಳು ಕಣ್ಣು ಮುಚ್ಚುವ ಮೊದಲು ಒಮ್ಮೆಯಾದರೂ ಕೇಳಲಿ.

ಇಂತಿ,
ತಮ್ಮ ಭಾಷಣಕ್ಕೆ ಚಪ್ಪಾಳೆ ತಟ್ಟಿ ಮಗಳ ಟೀಸಿ ತಂದವನು,
ತಿಪ್ಪೇಶ್
ಪಂಚನಹಳ್ಳಿ